ನಾಲ್ಕು ಪರ್ವತಗಳ ನಡುವಣ ಜನ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದಲ್ಲಿ, ಆರಿಜೋನ, ನ್ಯೂ ಮೆಕ್ಸಿಕೊ, ಯೂಟಾ ಎಂಬ ಮೂರು ಸಂಸ್ಥಾನಗಳ ಗಡಿಗಳನ್ನು ದಾಟಿ ಹರಡಿರುವ, ಸುಮಾರು 27,000 ಚದರ ಮೈಲಿ ವಿಸ್ತಾರವುಳ್ಳ ಒಂದು ಒಣನಾಡು ಇರುವುದು. ಕೆಂಪು ಬಂಡೆ, ಆಳವಾದ ಕಣಿವೆ, ಕುರುಚಲು ಗಿಡ, ಅಪರೂಪವಾದ ಮಳೆ: ಇವು ಆ ನಾಡಿನ ಲಕ್ಷಣಗಳು. ಅಲ್ಲಿಯ ಜನರನ್ನು ಲೋಕವು ನವಾಹೊ ಎಂದು ಕರೆಯುತ್ತದೆ. ನೆರೆಯವರ ಮಾತಿನಿಂದ ಸ್ಪೇನ್ ದೇಶೀಯರು ಎತ್ತಿಕೊಂಡ ಹೆಸರು ಅದು. ಅವರು ತಮ್ಮನ್ನು ತಾವು ಕರೆದುಕೊಳ್ಳುವುದು ‘ದಿನೆ’ ಎಂದು. ಜನ ಎಂಬಷ್ಟೇ ಅದರ ಅರ್ಥ. ‘ಇಂಡಿಯನ್’ ಎಂಬ ಮೂರನೆಯ ಹೆಸರೂ ಅವರಿಗೆ ಉಂಟು. ಅದು ನಮ್ಮ ದೇಶವನ್ನು ಅರಸಿ ಹೊರಟು ಬೇರೊಂದು ಖಂಡವನ್ನು ಮುಟ್ಟಿದ ಕೊಲಂಬಸನ ಭ್ರಾಂತಿಯ ಫಲ. ನಮ್ಮ ಹೆಸರನ್ನು ಐನೂರು ವರ್ಷಗಳಿಂದ ಹೊತ್ತುಕೊಂಡಿರುವ ಈ ಜನರ ವಿಷಯದಲ್ಲಿ ನಮಗೆ ಇರುವ ತಿಳಿವಳಿಕೆಯಾದರೋ ಬಹು ಸ್ವಲ್ಪ. ಚಲಚ್ಚಿತ್ರಗಳಲ್ಲಿ ಕುದುರೆಯೇರಿ ಕೂಗುತ್ತ ಬಂದು ಗುಂಡೇಟಿಗೆ ಉರುಳುವ ಆಕೃತಿಗಳಿಗಿಂತ ಅದು ಹೆಚ್ಚಿನದಲ್ಲ. ಆ ಚಿತ್ರಗಳಲ್ಲಿ ಕೆಲವು ಈ ನವಾಹೊ ನಾಡಿನ ಬಂಡೆಗಳ ಮುಂದೆಯೇ ತೆಗೆದವು ಎಂಬುದು ಒಂದು ವಿನೋದ.

ಈ ದಿನ ನಾವು ವಿಚಾರಮಾಡಬೇಕೆಂದಿರುವುದು ಅವರ ಯುದ್ಧಗಳನ್ನಲ್ಲ, ಅವರ ಬೋಧೆಯನ್ನು. ಗ್ರಂಥವಿಲ್ಲದೆ, ದೇವಾಲಯವಿಲ್ಲದೆ, ಹಾಡಿನಲ್ಲಿಯೂ ಮಣ್ಣಿನಲ್ಲಿಯೂ ಮನೆಯ ಬಾಗಿಲಿನ ದಿಕ್ಕಿನಲ್ಲಿಯೂ ನೆಲೆಸಿದ್ದ ಒಂದು ಲೋಕದೃಷ್ಟಿಯು, ಕಾಲವು ಬುಡಮೇಲಾದಾಗ ಏನಾಯಿತು ಎಂಬುದೇ ಪ್ರಶ್ನೆ.

ದಿನೆ ಹಿರಿಯರು ಹೇಳುವ ಪ್ರಕಾರ, ಈಗಿನ ಲೋಕವು ಮೊದಲನೆಯದಲ್ಲ. ಇದರ ಕೆಳಗೆ ಒಂದರ ಮೇಲೊಂದಾಗಿ ಬೇರೆ ಲೋಕಗಳಿದ್ದುವು. ಅಲ್ಲಿದ್ದ ಜೀವಿಗಳು ತಮ್ಮತಮ್ಮೊಳಗೆ ಕಲಹಮಾಡಿಕೊಂಡು, ಲೋಕವನ್ನು ಕೆಡಿಸಿಕೊಂಡು, ಒಂದೊಂದನ್ನೂ ಬಿಟ್ಟು ಮೇಲಕ್ಕೆ ಏರಿಬಂದುವು. ಈ ಲೋಕಕ್ಕೆ ಬಂದಮೇಲೆ ಮೊದಲ ಪುರುಷನೂ ಮೊದಲ ಸ್ತ್ರೀಯೂ ನಾಲ್ಕು ದಿಕ್ಕಿಗೆ ನಾಲ್ಕು ಪರ್ವತಗಳನ್ನು ನಿಲ್ಲಿಸಿದರು. ಮೂಡಲಲ್ಲಿ ಬಿಳಿಯ ಶಂಖದ ಪರ್ವತ, ತೆಂಕಲಲ್ಲಿ ನೀಲಿಯ ವೈಡೂರ್ಯದ್ದು, ಪಡುವಲಲ್ಲಿ ಹಳದಿಯ ಚಿಪ್ಪಿನದು, ಬಡಗಲಲ್ಲಿ ಕಪ್ಪು ಕಲ್ಲಿನದು. ಇವು ಕಲ್ಪನೆಯ ಮೇರುಗಳಲ್ಲ. ನಕ್ಷೆಯಲ್ಲಿ ಬೆರಳಿಟ್ಟು ತೋರಿಸಬಹುದಾದ ಶಿಖರಗಳು. ಮೂಡಲಿನದನ್ನು ಬ್ಲಾಂಕಾ ಶಿಖರವೆಂದೂ, ತೆಂಕಲಿನದನ್ನು ಟೇಲರ್ ಪರ್ವತವೆಂದೂ, ಪಡುವಲಿನದನ್ನು ಸಾನ್ ಫ್ರಾನ್ಸಿಸ್ಕೊ ಶಿಖರಗಳೆಂದೂ, ಬಡಗಲಿನದನ್ನು ಹೆಸ್ಪೆರಸ್ ಎಂದೂ ಬಿಳಿಯರು ಹೆಸರಿಟ್ಟಿರುತ್ತಾರೆ. ಈ ನಾಲ್ಕರ ನಡುವೆಯೇ ನೀವು ಬಾಳತಕ್ಕದ್ದೆಂಬುದು ದಿನೆಗಳಿಗೆ ಆದ ಮೊದಲ ಆಜ್ಞೆ. ಅವರ ಮನೆಯಾದ ‘ಹೋಗಾನ್’ ಎಂಬುದು ಈ ಲೋಕದ ಚಿಕ್ಕ ಪ್ರತಿ. ಅದರ ಬಾಗಿಲು ಮೂಡಲಿಗೇ ಇರಬೇಕು. ಪರ್ವತಗಳ ಮಣ್ಣನ್ನು ತಂದು ಕಟ್ಟಿದ ಗಂಟೊಂದು ಹಾಡುಗಾರನಲ್ಲಿ ಇರುತ್ತದೆ. ಅದಿಲ್ಲದೆ ಮಂಗಳಕರ್ಮ ನಡೆಯದು.

ಅವರ ಬೋಧೆಯ ತಿರುಳೆಲ್ಲ ‘ಹೋಜೋ’ ಎಂಬ ಒಂದು ಮಾತಿನಲ್ಲಿದೆ. ಇದಕ್ಕೆ ಕನ್ನಡದಲ್ಲಿ ಸಮನಾದ ಪದವನ್ನು ನಾವು ಹುಡುಕಿ ಸೋತಿದ್ದೇವೆ. ಸೌಂದರ್ಯವೆಂದರೆ ಅರ್ಧವಾಯಿತು, ಕ್ಷೇಮವೆಂದರೆ ಇನ್ನರ್ಧ. ಋತವೆಂಬ ವೇದದ ಮಾತು ನೆನಪಿಗೆ ಬರುವುದಾದರೂ, ಅದರಲ್ಲಿರುವ ಗಾಂಭೀರ್ಯವು ಇಲ್ಲಿ ಹೆಚ್ಚಾಗುತ್ತದೆ. ಹೋಜೋ ಎಂಬುದು ಕುರಿಯ ಹಿಂಡು ಮೇಯುತ್ತಿರುವ ಸಂಜೆಯಲ್ಲಿಯೂ ಇದೆ, ಜಗಳವಾಡದ ಮನೆಯಲ್ಲಿಯೂ ಇದೆ, ಚೆನ್ನಾಗಿ ನೆಯ್ದ ಕಂಬಳಿಯಲ್ಲಿಯೂ ಇದೆ. ರೋಗವೆಂದರೆ ಇದು ತಪ್ಪಿದ ಸ್ಥಿತಿ. ಹೆಣವನ್ನು ಮುಟ್ಟಿದ್ದು, ಸಿಡಿಲು ಬಡಿದ ಮರದ ಕಟ್ಟಿಗೆಯನ್ನು ಉರಿಸಿದ್ದು, ಮಾತು ಮೀರಿದ್ದು, ಹೀಗೆ ಯಾವುದೋ ಒಂದೆಡೆ ಕ್ರಮ ಕದಡಿದೆ; ಅದನ್ನು ಮತ್ತೆ ನೇರಮಾಡುವುದೇ ಚಿಕಿತ್ಸೆ. ಇದನ್ನು ಮಾಡತಕ್ಕವನು ‘ಹತಾಲಿ’, ಅಂದರೆ ಹಾಡುವವನು. ಕೆಲವು ಕರ್ಮಗಳು ಎರಡೇ ರಾತ್ರಿ. ‘ರಾತ್ರಿಮಾರ್ಗ’ವೆಂಬುದು ಒಂಬತ್ತು ರಾತ್ರಿ. ನೂರಾರು ಹಾಡುಗಳನ್ನು ಅಕ್ಷರ ತಪ್ಪದೆ, ಅನುಕ್ರಮ ಕೆಡದೆ ಹಾಡಬೇಕು. ಒಂದು ದೊಡ್ಡ ಕರ್ಮವನ್ನು ಕಲಿಯಲು ಹಲವು ವರ್ಷ ಬೇಕಾಗುವುದರಿಂದ, ಒಬ್ಬ ಹತಾಲಿಯು ತನ್ನ ಜೀವಮಾನದಲ್ಲಿ ಕೆಲವನ್ನು ಮಾತ್ರವೇ ಬಲ್ಲನು. ಕರ್ಮದ ನಡುವೆ ನೆಲದ ಮೇಲೆ ಬಣ್ಣದ ಮರಳಿನಿಂದ ದೇವತೆಗಳ ಚಿತ್ರವನ್ನು ಬರೆದು, ರೋಗಿಯನ್ನು ಅದರ ಮೇಲೆ ಕೂರಿಸಿ, ಕೆಲಸವಾದೊಡನೆಯೇ ಅದನ್ನು ಅಳಿಸಿಬಿಡುತ್ತಾರೆ. ಹಾಗೆ ಬಿಡುವುದು ಅಪಾಯಕರ.

ಮನುಷ್ಯರೊಳಗಣ ಕ್ರಮಕ್ಕೆ ‘ಕೇ’ ಎಂದು ಹೆಸರು. ದಿನೆಗಳಲ್ಲಿ ಬಳಿಯು ತಾಯಿಯಿಂದ ಬರುವುದು. ಪರಿವರ್ತನ ಸ್ತ್ರೀ ಎಂದು ನಾವು ಕರೆಯಬಹುದಾದ ಮಹಾಮಾತೆಯ ಮೈಯಿಂದ ಮೊದಲ ನಾಲ್ಕು ಬಳಿಗಳು ಹುಟ್ಟಿದುವೆಂದು ಕಥೆ. ಎತ್ತರದ ಮನೆಯವರು, ಕಹಿನೀರಿನವರು ಮುಂತಾದುವು ಅವುಗಳ ಹೆಸರು. ಇಬ್ಬರು ಅಪರಿಚಿತರು ಭೇಟಿಯಾದರೆ, ಉದ್ಯೋಗವನ್ನಾಗಲಿ ಊರನ್ನಾಗಲಿ ಹೇಳಿಕೊಳ್ಳುವ ಮೊದಲು, ತಾಯಿಯ ಬಳಿ, ತಂದೆಯ ಬಳಿ, ತಾಯಿಯ ತಂದೆಯದು, ತಂದೆಯ ತಂದೆಯದು ಎಂದು ನಾಲ್ಕನ್ನು ಹೇಳಿ, ತಾವು ಪರಸ್ಪರ ಏನಾಗಬೇಕೆಂಬುದನ್ನು ಕಂಡುಕೊಳ್ಳುತ್ತಾರೆ. ಮಗುವು ಮೊದಲ ಬಾರಿ ನಕ್ಕ ದಿನವು ಅವರಿಗೆ ದೊಡ್ಡ ದಿನ. ಅದನ್ನು ನಗಿಸಿದವರು ಔತಣವನ್ನು ಏರ್ಪಡಿಸಿ, ಮಗುವಿನ ಕೈಯಿಂದಲೇ ಬಂದವರಿಗೆಲ್ಲ ಉಪ್ಪನ್ನು ಕೊಡಿಸಬೇಕು. ಕೂಸಿನ ಮೊದಲ ಕಾರ್ಯವೇ ದಾನವಾಗಲೆಂದು. ಇದಕ್ಕಿಂತ ಮನೋಹರವಾದ ಸಂಸ್ಕಾರವನ್ನು ನಾವು ಎಲ್ಲಿಯೂ ಓದಿಲ್ಲ. ನರಿಯ ಜಾತಿಗೆ ಸೇರಿದ ಕಯೋಟಿಯ ಕಥೆಗಳನ್ನು ಮಾತ್ರ ಬೇಕಾದಾಗ ಹೇಳುವಂತಿಲ್ಲ. ಹಿಮ ಬಿದ್ದು, ಹಾವು ಕರಡಿಗಳು ಮಲಗಿದ ಮೇಲೆಯೇ ಅವು ನಾಲಗೆಗೆ ಬರತಕ್ಕವು. ಸಿಡಿಲು ಮೊಳಗುವ ಕಾಲ ಬಂದರೆ ಕಥೆ ನಿಲ್ಲಬೇಕು.

ಇಷ್ಟನ್ನು ಕೇಳಿದವರಿಗೆ, ಇವರು ಕಲ್ಲಿನಂತೆ ಬದಲಾಗದ ಜನವೆಂದು ತೋರಬಹುದು. ವಾಸ್ತವಾಂಶವು ಇದಕ್ಕೆ ವಿರುದ್ಧವಾಗಿದೆ. ಅವರ ಭಾಷೆಯ ಬಂಧುಗಳು ಬಹು ದೂರದ ಉತ್ತರದಲ್ಲಿ, ಕೆನಡಾ ಅಲಾಸ್ಕಾಗಳಲ್ಲಿ ಇರುತ್ತವೆ. ಇವರು ಅತ್ತಲಿಂದ ಬಂದವರೆಂದು ಭಾಷಾಶಾಸ್ತ್ರಜ್ಞರ ಮತ. ನೆಯ್ಗೆಯನ್ನು ನೆರೆಯ ಪ್ಯೂಬ್ಲೊ ಜನರಿಂದ ಕಲಿತರೆಂದೂ, ಕುರಿ ಕುದುರೆಗಳು 1598ರಿಂದೀಚೆಗೆ ಬಂದು ನೆಲಸಿದ ಸ್ಪೇನ್ ದೇಶೀಯರ ಮೂಲಕ ದೊರೆತುವೆಂದೂ, ಬೆಳ್ಳಿಯ ಕೆಲಸವು ಮೆಕ್ಸಿಕೊದ ಕುಶಲಿಗಳಿಂದ ಬಂದಿತೆಂದೂ ಇತಿಹಾಸಕಾರರು ಹೇಳುತ್ತಾರೆ. ಜೆಮೆಸ್, ಜೂನಿ ಮೊದಲಾದ ಊರುಗಳಿಂದ ಬಂದವರು, ಮೆಕ್ಸಿಕೊದವರು, ಇವರೆಲ್ಲರ ಹೆಸರಿನಲ್ಲಿಯೂ ದಿನೆ ಬಳಿಗಳಿವೆ. ಆದರೆ ಬಂದುದನ್ನೆಲ್ಲ ಅವರು ಕಥೆಯೊಳಕ್ಕೆ ಸೇರಿಸಿಕೊಂಡರು. ನೆಯ್ಗೆಯನ್ನು ಕಲಿಸಿದವಳು ಜೇಡಸ್ತ್ರೀಯಾದಳು. ಕುರಿಯು ದೇವತೆಗಳ ವರವಾಯಿತು. ತಾವಾಗಿ ಕೊಂಡುಕೊಂಡ ಬದಲಾವಣೆಗೂ ಹೊರಗಿನವರು ಹೇರಿದ ಬದಲಾವಣೆಗೂ ಇರುವ ಭೇದವನ್ನು ಅರಿಯಬೇಕಾದರೆ ಈ ಕುರಿಯನ್ನೇ ಹಿಂಬಾಲಿಸಬೇಕು. ಅದಕ್ಕೆ ಮೊದಲು ಒಂದು ದೊಡ್ಡ ದುಃಖವನ್ನು ಹೇಳತಕ್ಕದ್ದಿದೆ.

1846ರಲ್ಲಿ ಆ ಪ್ರಾಂತವು ಅಮೆರಿಕನ್ನರ ವಶವಾಯಿತು. ನವಾಹೊಗಳು ನೆರೆಯವರ ಮಂದೆಗಳನ್ನು ಹೊಡೆದೊಯ್ಯುತ್ತಿದ್ದುದು ನಿಜ. ನೆರೆಯವರು ನವಾಹೊ ಹೆಂಗಸರನ್ನೂ ಮಕ್ಕಳನ್ನೂ ಸೆರೆಹಿಡಿದು ಜೀತಕ್ಕಿಟ್ಟುಕೊಳ್ಳುತ್ತಿದ್ದುದೂ ಅಷ್ಟೇ ನಿಜ. ಕಾರ್ಲ್‌ಟನ್ ಎಂಬ ಸೇನಾಪತಿಯು ಇವರನ್ನು ಬೇರುಸಹಿತ ಕಿತ್ತು ಬೇರೆಡೆ ನೆಡಲು ನಿಶ್ಚಯಿಸಿದನು. 1863ರಲ್ಲಿ ಅವನ ಅಪ್ಪಣೆಯಂತೆ ಕಿಟ್ ಕಾರ್ಸನ್ ಹೊರಟು ಜೋಳದ ಹೊಲಗಳನ್ನು ಸುಟ್ಟನು, ಮಂದೆಗಳನ್ನು ಕೊಂದನು. ಡಿ ಶೇ ಎಂಬ ಕಣಿವೆಯಲ್ಲಿದ್ದ ಪೀಚ್ ಹಣ್ಣಿನ ತೋಪುಗಳನ್ನು 1864ರಲ್ಲಿ ಕಡಿದುಹಾಕಿದರು. ಹಸಿವಿಗೆ ಸೋತು ಶರಣಾದ ಜನರನ್ನು ತಂಡತಂಡವಾಗಿ ಮುನ್ನೂರು ಮೈಲಿಗಳಿಗೂ ಮೀರಿದ ದೂರ, ಪೇಕೊಸ್ ನದಿಯ ದಡದ ಬೊಸ್ಕೆ ರೆಡೊಂಡೊ ಎಂಬಲ್ಲಿಗೆ ನಡೆಸಿದರು. ದಿನೆಗಳು ಆ ಸ್ಥಳವನ್ನು ‘ಹ್ವೇಲ್ದಿ’ ಎನ್ನುತ್ತಾರೆ; ಇಂದಿಗೂ ಹಲವು ಹಿರಿಯರು ಆ ಹೆಸರನ್ನು ಸುಮ್ಮಸುಮ್ಮನೆ ಎತ್ತುವುದಿಲ್ಲ. ಅಲ್ಲಿ ಎಂಟು ಒಂಬತ್ತು ಸಾವಿರ ಜನ ಕೂಡಿಬಿದ್ದರು. ನೀರು ಸವುಳು, ಸೌದೆ ಇಲ್ಲ, ಬೆಳೆದ ಜೋಳವನ್ನು ಹುಳು ತಿಂದಿತು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ಆ ಸ್ಥಳವು ನಾಲ್ಕು ಪರ್ವತಗಳ ಹೊರಗಿತ್ತೆಂಬುದನ್ನು ನಾವು ಮರೆಯಬಾರದು. ಬಿಳಿಯ ಅಧಿಕಾರಿಗಳಿಗೆ ಬೆಳೆಯು ಹಾಳಾದದ್ದು ಹುಳುವಿನಿಂದ. ದಿನೆಗಳಿಗೆ, ಎಲ್ಲೆಯನ್ನು ದಾಟಿದ್ದರಿಂದ.

1868ರ ಮೇ ತಿಂಗಳಲ್ಲಿ ಶೆರ್ಮನ್ ಸೇನಾಪತಿಯು ಸಂಧಿಗೆಂದು ಬಂದನು. ಇವರನ್ನು ಪೂರ್ವದಲ್ಲಿದ್ದ ಇಂಡಿಯನ್ ಪ್ರಾಂತಕ್ಕೆ ಕಳುಹಿಸುವ ಯೋಚನೆಯೂ ಅವನಿಗಿತ್ತು. ದಿನೆಗಳ ಪರವಾಗಿ ಬಾರ್ಬೊನ್ಸಿಟೊ ಎಂಬ ಹಿರಿಯನು ಮಾತಾಡಿದನು. ಅವನು ಹಕ್ಕನ್ನಾಗಲಿ ಕಾನೂನನ್ನಾಗಲಿ ಎತ್ತಲಿಲ್ಲ. ನಾವು ಸೃಷ್ಟಿಯಾದಾಗ ನಾಲ್ಕು ಪರ್ವತ ನಾಲ್ಕು ನದಿಗಳನ್ನು ತೋರಿಸಿ ಇವುಗಳ ಒಳಗೆ ಇರಿ ಎಂದರು, ಅದನ್ನು ಮೀರಿದ್ದರಿಂದಲೇ ಇಷ್ಟು ಮಂದಿ ಸತ್ತರು ಎಂಬ ಅಭಿಪ್ರಾಯವನ್ನು ನಿವೇದಿಸಿದನು. ಸೃಷ್ಟಿಕಥೆಯೊಂದು ರಾಜಕೀಯ ವಾದವಾಗಿ ನಿಂತು ಜಯಿಸಿದ ಪ್ರಸಂಗಗಳು ಇತಿಹಾಸದಲ್ಲಿ ಹೆಚ್ಚಿಲ್ಲ. ದಿನೆಗಳು ಹೇಳುವ ಮತ್ತೊಂದು ವೃತ್ತಾಂತವೂ ಉಂಟು: ಮಾತುಕತೆಗೆ ಮುಂಚೆ ಜನರು ಸುತ್ತುಗಟ್ಟಿ ಒಂದು ಹೆಣ್ಣು ಕಯೋಟಿಯನ್ನು ಹಿಡಿದರಂತೆ, ಬಾರ್ಬೊನ್ಸಿಟೊ ಅದರ ಬಾಯಲ್ಲಿ ಮಣಿಯೊಂದನ್ನಿಟ್ಟು ಬಿಡಲು, ಅದು ಮೆಲ್ಲಗೆ ಪಡುವಲಿಗೆ, ಮನೆಯ ಕಡೆಗೆ, ನಡೆದುಹೋಯಿತಂತೆ. ಜೂನ್ 1ರಂದು ಒಪ್ಪಂದಕ್ಕೆ ರುಜುವಾಯಿತು. ಹಿಂದಿರುಗುವಾಗ ದೂರದಲ್ಲಿ ತೆಂಕಲ ಪರ್ವತವು ಕಾಣಿಸಿದಾಗ, ಇದು ನಮ್ಮ ಪರ್ವತವೇ ಹೌದೆ ಎಂದು ತಾವು ಬೆರಗಾದುದನ್ನೂ, ಮುದುಕರು ಮುದುಕಿಯರು ಅತ್ತುದನ್ನೂ ಮಾನುಯೆಲಿಟೊ ಎಂಬ ನಾಯಕನು ಅನಂತರ ನೆನೆದು ಹೇಳಿದ್ದಾನೆ.

ಆ ಒಪ್ಪಂದದಲ್ಲಿ ಎರಡು ಮಾತುಗಳಿದ್ದುವು. ಮುಂದಿನ ಚರಿತ್ರೆಯೆಲ್ಲ ಅವೆರಡರಿಂದ ಬೆಳೆಯಿತೆನ್ನಬಹುದು. 15,000 ಕುರಿ ಮೇಕೆಗಳನ್ನು ಸರ್ಕಾರವು ಕೊಡಬೇಕೆಂಬುದು ಒಂದು. ಆರರಿಂದ ಹದಿನಾರು ವಯಸ್ಸಿನ ಮಕ್ಕಳನ್ನು ಶಾಲೆಗೆ ಕಳುಹಿಸಬೇಕು, ಮೂವತ್ತು ಮಕ್ಕಳಿಗೆ ಒಬ್ಬ ಉಪಾಧ್ಯಾಯನನ್ನು ಕೊಡಬೇಕು ಎಂಬುದು ಇನ್ನೊಂದು.

ಶಾಲೆಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇವೆ. ವಸತಿಶಾಲೆಗಳಲ್ಲಿ ಮಕ್ಕಳ ಕೂದಲನ್ನು ಕತ್ತರಿಸಿದರು, ಹೆಸರನ್ನು ಬದಲಾಯಿಸಿದರು, ತಾಯ್ನುಡಿಯನ್ನಾಡಿದರೆ ದಂಡಿಸಿದರು. ಕಥೆ ಹೇಳುವ ಚಳಿಗಾಲವೇ ಶಾಲೆಯ ಕಾಲವೂ ಆಗಿದ್ದುದರಿಂದ, ಒಲೆಯ ಪಕ್ಕದಲ್ಲಿ ಕೇಳಬೇಕಾದವರು ಅಲ್ಲಿರಲಿಲ್ಲ. ಚೆಸ್ಟರ್ ನೆಜ್ ಎಂಬುವರು ನವಾಹೊ ಮಾತಾಡಿದುದಕ್ಕೆ ತಮ್ಮ ಬಾಯನ್ನು ಸಾಬೂನಿನಿಂದ ತೊಳೆದುದನ್ನು ತಮ್ಮ ವೃದ್ಧಾಪ್ಯದಲ್ಲಿ ಬರೆದಿದ್ದಾರೆ. 1942ರಲ್ಲಿ ಅದೇ ಸರ್ಕಾರಕ್ಕೆ ಅದೇ ಭಾಷೆ ಬೇಕಾಯಿತು. ಜಪಾನೀಯರು ಒಡೆಯಲಾರದ ಗೂಢಲಿಪಿಯನ್ನು ಕಟ್ಟಿದ 29 ಮಂದಿ ನವಾಹೊ ಯುವಕರಲ್ಲಿ ನೆಜ್ ಒಬ್ಬರು. ಆಮೆ ಎಂದರೆ ಟ್ಯಾಂಕು, ಕಬ್ಬಿಣದ ಮೀನು ಎಂದರೆ ಜಲಾಂತರ್ಗಾಮಿ. ಅಮೆರಿಕಾ ದೇಶಕ್ಕೆ ಅವರು ಇಟ್ಟ ಗುಪ್ತನಾಮ ‘ನಮ್ಮ ತಾಯಿ’. 1968ರವರೆಗೆ ಇದು ರಹಸ್ಯವಾಗಿತ್ತು. ಆ ಮೊದಲ ತಂಡಕ್ಕೆ ಸುವರ್ಣಪದಕಗಳು ಸಂದದ್ದು 2001ರಲ್ಲಿ. ಯುದ್ಧದಿಂದ ಬಂದು ಹೆಣಗಳ ಕನಸಿನಿಂದ ನರಳುತ್ತಿದ್ದ ನೆಜ್ ಅವರಿಗೆ ಮನೆಯವರು ಮಾಡಿಸಿದುದು ‘ಶತ್ರುಮಾರ್ಗ’ವೆಂಬ ಹಳೆಯ ಕರ್ಮ.

ಇನ್ನು ಕುರಿಯ ಕಥೆ. ಒಪ್ಪಂದದ ಕುರಿಗಳು ವೃದ್ಧಿಯಾದುವು. ಮಂದೆಯು ಮನೆಯೊಡತಿಯದು, ಹುಡುಗಿಗೆ ಚಿಕ್ಕಂದಿನಲ್ಲಿಯೇ ಮರಿಯೊಂದು ಸಲ್ಲುತ್ತಿತ್ತು, ತಾಳ್ಮೆ, ಲೆಕ್ಕ, ಹವೆಯ ಜ್ಞಾನ, ಹೊಣೆ ಎಲ್ಲವನ್ನೂ ಮಕ್ಕಳು ಮಂದೆಯ ಹಿಂದೆ ನಡೆದು ಕಲಿಯುತ್ತಿದ್ದರು. 1933ರಿಂದ ಸರ್ಕಾರವು ಈ ಮಂದೆಗಳನ್ನು ತಗ್ಗಿಸಲು ಪ್ರಾರಂಭಿಸಿತು. ಹುಲ್ಲು ಸವೆದು ಮಣ್ಣು ಕೊಚ್ಚಿಹೋಗುತ್ತಿದೆ, ಆ ಹೂಳು ಕೊಲೊರಾಡೊ ನದಿಗೆ ಆಗ ಕಟ್ಟುತ್ತಿದ್ದ ಮಹಾ ಅಣೆಕಟ್ಟನ್ನು ತುಂಬೀತು ಎಂಬುದು ಕಾರಣ. ಇಂಡಿಯನ್ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಜಾನ್ ಕಾಲಿಯರ್ ದುಷ್ಟನಲ್ಲ. 1934ರಲ್ಲಿ, ಇಂಡಿಯನ್ನರ ಧರ್ಮಾಚರಣೆಗೆ ಯಾರೂ ಅಡ್ಡಿಮಾಡಕೂಡದೆಂದು ಆಜ್ಞೆ ಹೊರಡಿಸಿದವನೂ ಅವನೇ. ಮಣ್ಣು ಸವೆಯುತ್ತಿದ್ದುದೂ ಸುಳ್ಳಲ್ಲ. ಆದರೂ ಕೊಳ್ಳುವವರಿಲ್ಲದ ಮೇಕೆಗಳನ್ನು ಒಡತಿಯರ ಕಣ್ಣೆದುರಿಗೇ ಗುಂಡಿಟ್ಟು ಕೊಂದು ಕೊಳೆಯಲು ಬಿಟ್ಟಾಗ, ಅವನು ಕೊಟ್ಟ ಧರ್ಮಸ್ವಾತಂತ್ರ್ಯವು ಏನಾಗಿ ಉಳಿಯಿತು? ಹಾಡಿಗೆ ಅಡ್ಡಿಯಿಲ್ಲ, ಕುರಿಗೆ ಅಡ್ಡಿ ಎಂಬ ವಿಭಾಗವು ಅಧಿಕಾರಿಯ ಬುದ್ಧಿಗೆ ಹೊಳೆದೀತು. ದಿನೆ ಹೆಂಗಸಿಗೆ ಅವೆರಡೂ ಒಂದೇ. ಹುಲ್ಲು ಸವೆದುದಕ್ಕೆ ಮಂದೆ ಹೆಚ್ಚಾದುದೇ ಕಾರಣವೆಂದು ಸರ್ಕಾರ ಹೇಳಿತು. ವರವಾಗಿ ಬಂದ ಪ್ರಾಣಿಗಳನ್ನು ಹೀಗೆ ಕೊಂದುದರಿಂದಲೇ ಮಳೆ ನಿಂತಿತೆಂದು ಹೆಂಗಸರು ಹೇಳಿದರು. ಮಂದೆಯ ಒಡತಿಯರನ್ನು ಯಾರೂ ಕೇಳಲಿಲ್ಲ. ಒಪ್ಪಿಗೆ ಕೊಟ್ಟ ಬುಡಕಟ್ಟಿನ ಸಭೆಯಲ್ಲಿ ಇದ್ದವರು ಗಂಡಸರು. 1935ರಲ್ಲಿ ಕಾಲಿಯರನ ಸ್ವಯಮಾಡಳಿತದ ಶಾಸನವು ಮತಕ್ಕೆ ಬಂದಾಗ ನವಾಹೊಗಳು ಅದನ್ನು ತಳ್ಳಿಹಾಕಿದುದಕ್ಕೆ ಈ ಕೋಪವೂ ಒಂದು ಕಾರಣ.

ಇದೇ ವರ್ಷಗಳಲ್ಲಿ ಬೇರೊಂದು ಸಂಕಟವು ಸದ್ದಿಲ್ಲದೆ ನಡೆಯುತ್ತಿತ್ತು. ಹೊಸ್ಟೀನ್ ಕ್ಲಾ ಎಂಬ ಹತಾಲಿಯು 1867ರಲ್ಲಿ ಹುಟ್ಟಿದವನು. ಗಂಡಸರ ವಿದ್ಯೆಯಾದ ಹಾಡುಗಾರಿಕೆಯನ್ನೂ ಹೆಂಗಸರ ವಿದ್ಯೆಯಾದ ನೆಯ್ಗೆಯನ್ನೂ ಅವನು ಕಲಿತಿದ್ದನು. ಇಂತಹ ಉಭಯಸ್ವಭಾವದವರಿಗೆ ದಿನೆ ಸಮಾಜದಲ್ಲಿ ಹೆಸರೂ ಉಂಟು, ಗೌರವವೂ ಉಂಟು. ಅವನು ಬಹುಕಾಲ ಹಾಡುಗಳನ್ನು ಕಲಿಸಿದ ಶಿಷ್ಯನು ಗುರುವಿಗಿಂತ ಮುಂಚೆಯೇ ತೀರಿಕೊಂಡನು. ಮತ್ತೊಬ್ಬನನ್ನು ಮೊದಲಿನಿಂದ ತಯಾರುಮಾಡಲು ಆಯುಸ್ಸು ಸಾಲದು. ಆಗ ಅಳಿಸಲೇಬೇಕಾದ ಮರಳಿನ ಚಿತ್ರಗಳನ್ನು ಕ್ಲಾ ಅದಾಗಲೇ ಕಂಬಳಿಗಳಲ್ಲಿ ನೆಯ್ಯುತ್ತಿದ್ದನು. ಕೇಡು ತಟ್ಟುವುದೆಂದು ನೆರೆಯವರು ಬೆದರಿದರು. ಅವನು ತನಗೆ ತಾನೇ ರಕ್ಷೆಯ ಕರ್ಮವನ್ನು ಮಾಡಿಕೊಂಡು ಮುಂದುವರಿದನು. ಬಾಸ್ಟನ್ ನಗರದ ಮೇರಿ ಕ್ಯಾಬಟ್ ವೀಲ್‌ರೈಟ್ ಎಂಬ ಶ್ರೀಮಂತ ಮಹಿಳೆಯು ಅವನ ಹಾಡುಗಳನ್ನೂ ಕಥೆಗಳನ್ನೂ ಬರೆಸಿಟ್ಟಳು. ಅವರಿಬ್ಬರ ಸಂಕಲ್ಪದಿಂದ ಸಾಂಟಾ ಫೇ ನಗರದಲ್ಲಿ ಹೋಗಾನಿನ ಆಕಾರದ, ಮೂಡಲಿಗೆ ಬಾಗಿಲುಳ್ಳ ಸಂಗ್ರಹಾಲಯವು 1937ರಲ್ಲಿ ತೆರೆಯಿತು; ಕ್ಲಾ ಅದೇ ವರ್ಷ ಅದಕ್ಕೆ ಮುಂಚೆಯೇ ಕಾಲವಾದನು.

ಕ್ಲಾ ಮಾಡಿದ್ದು ಸರಿಯೆ? ಬರೆದಿಟ್ಟ ಹಾಡು ಋತುವನ್ನು ನೋಡುವುದಿಲ್ಲ. ಗಾಜಿನ ಹಿಂದಿನ ಚಿತ್ರವು ಯಾರನ್ನೂ ವಾಸಿಮಾಡುವುದಿಲ್ಲ. ಹಾಡು ಅದರ ಒಡೆಯನೊಡನೆಯೇ ಹೋಗಲಿ ಎಂದವರೂ ಇದ್ದರು, ಅವರದು ಮೌಢ್ಯವಲ್ಲ. ಆದರೆ ಕೇಳುವ ಕಿವಿಗಳನ್ನೇ ದೂರದ ಶಾಲೆಗೆ ಒಯ್ದಿದ್ದ ಕಾಲದಲ್ಲಿ ಮುದುಕನೊಬ್ಬನು ತಾನು ನಂಬಿದ ನಿಯಮವನ್ನೇ ತಾನು ನಂಬಿದ ವಿದ್ಯೆಗಾಗಿ ಮೀರಿದನು. ನಾವಾದರೋ ಅವನ ಪಕ್ಷವೇ. 1977ರಲ್ಲಿ ಆ ಸಂಗ್ರಹಾಲಯವು ತನ್ನಲ್ಲಿದ್ದ ಪವಿತ್ರವಾದ ಗಂಟುಗಳನ್ನು ನವಾಹೊ ಹಾಡುಗಾರರ ವಶಕ್ಕೆ ಹಿಂದಿರುಗಿಸಿತು. ಅವು ಮತ್ತೆ ಕರ್ಮಕ್ಕೆ ಬಂದುವು.

ಎರಡನೆಯ ಮಹಾಯುದ್ಧದ ಕಾಲದಿಂದ ಬೇರೆ ಪರೀಕ್ಷೆಗಳು ಒದಗಿದುವು. 1944ರಿಂದ 1986ರವರೆಗೆ ಆ ನಾಡಿನಿಂದ ಸುಮಾರು ಮೂರು ಕೋಟಿ ಟನ್ನುಗಳಷ್ಟು ಯುರೇನಿಯಂ ಅದಿರನ್ನು ಅಗೆದರು; ಅಪಾಯವನ್ನು ಅಗೆಯುವವರಿಗೆ ತಿಳಿಸಲಿಲ್ಲ. ಐನೂರಕ್ಕೂ ಹೆಚ್ಚು ಗಣಿಗಳು ಹಾಗೆಯೇ ಬಾಯ್ದೆರೆದು ಉಳಿದುವು. ಯುರೇನಿಯಮ್ಮಿಗೆ ದಿನೆಗಳು ಇಟ್ಟ ಹೆಸರು ‘ಲೇಟ್ಸೊ’, ಹಳದಿಯ ಮಣ್ಣು. ಜೋಳದ ಹಳದಿಯ ಪರಾಗವು ಅವರಿಗೆ ಪ್ರಾರ್ಥನೆಯ ದ್ರವ್ಯವೆಂಬುದನ್ನು ನೆನೆದರೆ ಈ ಹೆಸರಿನ ಕಹಿಯು ತಿಳಿದೀತು. 2005ರಲ್ಲಿ ತಮ್ಮ ನಾಡಿನಲ್ಲಿ ಯುರೇನಿಯಂ ಅಗೆಯುವುದನ್ನೇ ಅವರು ಶಾಸನದಿಂದ ನಿಷೇಧಿಸಿದರು.

ಪಡುವಲ ಪರ್ವತದ ವ್ಯಾಜ್ಯವು ಇನ್ನೂ ವಿಚಿತ್ರ. ಸಾನ್ ಫ್ರಾನ್ಸಿಸ್ಕೊ ಶಿಖರಗಳ ಮೇಲೆ ಹಿಮದಲ್ಲಿ ಜಾರುವ ವಿನೋದಸ್ಥಳವೊಂದಿದೆ. ಹಿಮ ಸಾಲದ ವರ್ಷಗಳಿಗಾಗಿ, ನಗರದ ಚರಂಡಿಯ ನೀರನ್ನು ಶುದ್ಧಿಮಾಡಿ ಅದರಿಂದ ಕೃತಕ ಹಿಮವನ್ನು ಸುರಿಸಲು 2005ರಲ್ಲಿ ಅನುಮತಿ ದೊರೆಯಿತು. ನವಾಹೊಗಳೂ ಹೋಪಿ ಮೊದಲಾದ ಇತರ ಜನರೂ ನ್ಯಾಯಾಲಯಕ್ಕೆ ಹೋದರು. 2008ರಲ್ಲಿ ಮೇಲಿನ ನ್ಯಾಯಾಲಯವು, ಇದರಿಂದ ಅವರ ಧರ್ಮಾಚರಣೆಗೆ ಕಾನೂನು ಲೆಕ್ಕಿಸುವಂತಹ ಭಾರವೇನೂ ಆಗುವುದಿಲ್ಲ, ನೋಯುವುದು ಅವರ ಭಾವನೆ ಮಾತ್ರ ಎಂಬ ತಾತ್ಪರ್ಯದ ತೀರ್ಪನ್ನಿತ್ತಿತು. ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಅದನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಗಿಡಮೂಲಿಕೆಯನ್ನು ಬೇರೆ ಇಳಿಜಾರಿನಲ್ಲಿ ಕೀಳಬಹುದಲ್ಲಾ ಎಂಬ ವಾದಕ್ಕೆ ದಿನೆಗಳ ಉತ್ತರ ಒಂದೇ: ಪರ್ವತವು ಒಂದು ಜೀವ, ಅದರ ಮೈಯಲ್ಲಿ ಬೇರೆ ಬೇರೆ ಪ್ಲಾಟುಗಳಿಲ್ಲ. 1868ರಲ್ಲಿ ಸೇನಾಪತಿಗೆ ಅರ್ಥವಾದದ್ದು ನ್ಯಾಯಾಧೀಶರಿಗೆ ಅರ್ಥವಾಗಲಿಲ್ಲ.

ಹಳೆಯ ಬೋಧೆಯನ್ನು ಹೊಸ ಪಾತ್ರೆಗಳಲ್ಲಿ ತುಂಬುವ ಯತ್ನವೂ ನಡೆದಿದೆ. 1968ರಲ್ಲಿ ನವಾಹೊಗಳು ತಮ್ಮದೇ ಕಾಲೇಜನ್ನು ಸ್ಥಾಪಿಸಿದರು. ಆ ದೇಶದಲ್ಲಿ ಇಂಡಿಯನ್ನರು ತಾವೇ ನಡೆಸುವ ಕಾಲೇಜುಗಳಲ್ಲಿ ಅದು ಮೊದಲನೆಯದು. ಆಲೋಚನೆ, ಯೋಜನೆ, ಬಾಳುವೆ, ಸಿಂಹಾವಲೋಕನ ಎಂಬ ನಾಲ್ಕು ಹಂತಗಳನ್ನು ನಾಲ್ಕು ದಿಕ್ಕುಗಳಿಗೆ ಹೊಂದಿಸಿ ಅಲ್ಲಿ ಪಾಠಕ್ರಮವನ್ನು ಕಟ್ಟಿದ್ದಾರೆ. 1982ರಿಂದ, ವಾದಿ ಪ್ರತಿವಾದಿಗಳನ್ನು ಬಂಧುಗಳೊಡನೆ ಕೂರಿಸಿ ‘ಕೇ’ಯನ್ನು ನೆನಪಿಸಿ ರಾಜಿಮಾಡಿಸುವ ಪದ್ಧತಿಯು ಅವರ ನ್ಯಾಯಾಲಯಗಳಲ್ಲಿ ಬಂದಿತು. 2002ರಲ್ಲಿ ಪವಿತ್ರ ಪರ್ವತಗಳೂ ಪರಂಪರೆಯ ನಿಯಮಗಳೂ ‘ದಿನೆ ಮೂಲಶಾಸನ’ವೆಂಬ ಹೆಸರಿನಿಂದ ಅವರ ಕಾನೂನಿನ ಪುಸ್ತಕವನ್ನೇ ಸೇರಿದುವು. ಹಾಡಾಗಿದ್ದುದು ಕಲಮು ಆದರೆ ಬಾಳೀತೆ ಎಂದು ಸಂದೇಹಪಡುವವರು ಅವರಲ್ಲಿಯೇ ಇದ್ದಾರೆ.

2014ರಲ್ಲಿ ಈ ಸಂದೇಹವು ಬೀದಿಗೆ ಬಂದಿತು. ನವಾಹೊ ರಾಷ್ಟ್ರದ ಅಧ್ಯಕ್ಷನಾಗತಕ್ಕವನು ಭಾಷೆಯನ್ನು ಚೆನ್ನಾಗಿ ಬಲ್ಲವನಾಗಿರಬೇಕೆಂದು ಕಾನೂನಿತ್ತು. ಅಂತಿಮ ಸ್ಪರ್ಧೆಗೆ ಬಂದಿದ್ದ ಕ್ರಿಸ್ ಡೆಶೀನ್ ಎಂಬವರು ಭಾಷಾಪರೀಕ್ಷೆಗೆ ಕೂರಲು ಒಪ್ಪಲಿಲ್ಲ. ಅವರು ಅನರ್ಹರೆಂದು ತೀರ್ಮಾನವಾಗಿ, ಚುನಾವಣೆಯೇ ಮುಂದಕ್ಕೆ ಹೋಯಿತು. ಅವರ ತಾತ ಯುದ್ಧಕಾಲದಲ್ಲಿ ಆ ಭಾಷೆಯ ಗೂಢಲಿಪಿಯಿಂದ ಸಂದೇಶಗಳನ್ನು ಕಳುಹಿಸಿದವರು. ಭಾಷೆಯನ್ನು ಕಿತ್ತುಕೊಂಡ ಶಾಲೆಗಳ ಪಾಪಕ್ಕೆ ಮೊಮ್ಮಕ್ಕಳನ್ನು ದಂಡಿಸುವುದೆ ಎಂದು ಯುವಕರು ಕೇಳಿದರು. ಹಿರಿಯರೊಡನೆ ಮಾತಾಡಲಾರದವನು ಅವರನ್ನು ಆಳುವುದು ಹೇಗೆ ಎಂದು ಅಜ್ಜಿಯರು ಕೇಳಿದರು. 2015ರ ಜುಲೈ ತಿಂಗಳಲ್ಲಿ ಜನಮತವನ್ನು ತೆಗೆದುಕೊಂಡಾಗ, ಭಾಷಾಜ್ಞಾನವು ಸಾಕೆ ಸಾಲದೆ ಎಂಬುದನ್ನು ಮತದಾರರೇ ನಿರ್ಣಯಿಸಲಿ ಎಂಬ ಪಕ್ಷವು ಗೆದ್ದಿತು. ನವಾಹೊ ರಾಜಧಾನಿಯಾದ ವಿಂಡೊ ರಾಕ್ ಊರಿನಲ್ಲಿ 1986ರಿಂದ ಒಂದು ರೇಡಿಯೊ ನಿಲಯವಿದೆ. ಐವತ್ತು ಸಾವಿರ ವಾಟುಗಳ ಶಕ್ತಿಯುಳ್ಳದ್ದು. ವಾರ್ತೆಗಳನ್ನು ಅದು ಹಿರಿಯರಿಗಾಗಿ ದಿನೆ ಭಾಷೆಯಲ್ಲಿ ಹೇಳುತ್ತದೆ, ಮೊಮ್ಮಕ್ಕಳೂ ಕೇಳುತ್ತಿರುತ್ತಾರೆ.